ಎತ್ತಿಗೆ ನಾಲ್ಕು ತಿಂಗಳು

ನನಗೆ ಯಾವುದನ್ನೂ ನಂಬದ ಕಾಯಿಲೆ ಇದೆ. ಹಲ್ಲಿ ಲೊಚಗುಟ್ಟಿದರೆ ಅಮ್ಮ ನೆಲಕ್ಕೆ ಬೆರಳು ಬಡಿದು "ಕೃಷ್ಣ ಕೃಷ್ಣ" ಎನ್ನುತ್ತಾಳೆ; ನಾನು "ಪುರಾವೆ?" ಎನ್ನುತ್ತೇನೆ. ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್ಪುಗಳು ಯಳಂದೂರಿನ ನಮ್ಮ ಅಡುಗೆಮನೆಯಲ್ಲಿ ಸಾಸಿವೆ, ಮೆಂತ್ಯ ತುಂಬಿಕೊಂಡು ಕೂತಿವೆ. ಪರ, ವಿರೋಧ ಎರಡೂ ಕಡೆ ಮಾತಾಡಬಲ್ಲೆ. ಮನೆಯಲ್ಲಿ ಮಾತ್ರ ಎರಡೂ ಕಡೆಯವರು ನನ್ನ ವಿರುದ್ಧವೇ ಇರುತ್ತಾರೆ. ಇಂಥ ನಾನು ಬದುಕಿನಲ್ಲಿ ಒಂದೇ ಒಂದು ಮಾತನ್ನು ಪ್ರಶ್ನೆ ಕೇಳದೆ ನಂಬಿದೆ. ಅದು ಒಂದು ಡೇಟಾಬೇಸಿನ ಕೈಪಿಡಿಯಲ್ಲಿತ್ತು: ಇದು ಥ್ರೆಡ್-ಸೇಫ್.

ನನ್ನ ಚಿಕ್ಕಪ್ಪ ಕೊಳ್ಳೇಗಾಲದಲ್ಲಿ ದನದ ಡಾಕ್ಟರು. ಅವರ ಕ್ಲಿನಿಕ್ಕಿನಲ್ಲಿ ಒಂದು ದಪ್ಪ ನೋಟ್‌ಬುಕ್ಕಿನ ಆಡಳಿತವಿತ್ತು. ಅದಕ್ಕೆ ಗೋಣಿದಾರದಲ್ಲಿ ಕಟ್ಟಿದ ಒಂದೇ ಪೆನ್ನು. ಕಾಂಪೌಂಡರ್ ಮಾದೇವಣ್ಣ ಬರೆಯುವಷ್ಟು ಹೊತ್ತು ದನ, ಜನ, ಡಾಕ್ಟರು ಎಲ್ಲರೂ ಕಾಯಬೇಕು.

"ಇನ್ನೊಂದು ಪೆನ್ನು ತರಬಾರದೇ ಮಾದೇವಣ್ಣ?" ಎಂದೆ.

"ತಂದಿದ್ದಿ ಕಣವ್ವ. ಇಬ್ರೂ ಒಂದೇ ಸಲ ಬರ್ದು, ಇವನ ಎಮ್ಮೆ ಅವನ ಎಸ್ರಿಗೆ ಓಯ್ತು. ಅದ್ಕೇ ಕಟ್ಟಾಕಿವ್ನಿ."

ನಾನು ಪ್ರಗತಿಯ ಬಗ್ಗೆ ಐದು ನಿಮಿಷ ಮಾತಾಡಿದೆ. ಗಂಟೆ ಬಾರಿಸುವವರಿಲ್ಲದ ಕಾರಣ ಹತ್ತಾಯಿತು. ಆಮೇಲೆ ಪ್ರೋಗ್ರಾಮು ಬರೆದುಕೊಟ್ಟೆ. ಬೇರೆ ಸರ್ವರು ಬೇಡ. ಡೇಟಾಬೇಸು ಪ್ರೋಗ್ರಾಮಿನ ಹೊಟ್ಟೆಯೊಳಗೇ ಕೂತಿರುತ್ತದೆ. ಎರಡು ಮೇಜು, ಎರಡು ಟ್ಯಾಬು. ಥ್ರೆಡ್ ಎಂದರೆ ಒಂದೇ ಪ್ರೋಗ್ರಾಮಿನೊಳಗೆ ಒಟ್ಟಿಗೆ ದುಡಿಯುವ ಕೈಗಳು. ಮೇಜಿಗೊಂದು ಕೈ, ಎರಡೂ ಕೈಗೆ ಒಂದೇ ಡೇಟಾಬೇಸು. ಇಬ್ಬರು ಒಟ್ಟಿಗೆ ಬರೆದರೂ ಅದು ಕೆಡದು ಎಂಬುದೇ ಥ್ರೆಡ್-ಸೇಫ್ ಎಂಬ ಆ ಮಾತಿನ ಅರ್ಥ. ಇಷ್ಟಕ್ಕೇ ನಿಲ್ಲಿಸದೆ, "ಫಲಿತಾಂಶ ಬಾಯಲ್ಲಿ ಹೇಳಬೇಡಿ ಚಿಕ್ಕಪ್ಪ, ಮೆಸೇಜಿನಲ್ಲೇ ಹೋಗಲಿ" ಎಂದೂ ಸುಧಾರಣೆ ತಂದೆ.

ಮೊದಲ ಸೋಮವಾರ ಜಾತ್ರೆಯಂಥ ಜನ. ಮಂಗಳವಾರ ಬೆಳಿಗ್ಗೆ ಕ್ಲಿನಿಕ್ಕಿಗೆ ಶಾಗ್ಯದಿಂದ ಸಿದ್ದರಾಜು ಎಂಬವರ ಫೋನು; ನಾನೇ ಎತ್ತಿದೆ.

"ಅವ್ವೋ, ನನ್ನ ಎತ್ತಿಗೆ ನಾಕ್ ತಿಂಗ್ಳಂತೆ."

"ಏನು ನಾಲ್ಕು ತಿಂಗಳು?"

"ಗಬ್ಬ! ನೊಗ ಕಟ್ಬೇಡಿ, ಬುಜುಕ್ಕೆ ಮುಲಾಮು ಅಚ್ಚಿ ಅಂತ ಮೆಸೇಜ್ ಬಂದದೆ. ಇನ್ನ ಉಳೋರ್ ಯಾರು? ನಾನೂ ನನ್ನೆಂಡ್ತೀನಾ?"

ನಾನು ಚರ್ಚಾಪಟುವಿಗೆ ತಕ್ಕಂತೆ ಮೂರು ವಾದ ಹೂಡಿದೆ. ಒಂದು, ಯಾರೋ ತಪ್ಪು ಒತ್ತಿದ್ದಾರೆ. ಎರಡು, ನೀವು ತಪ್ಪು ಓದಿದ್ದೀರಿ. ಮೂರನೆಯದು, ಅದು ಎತ್ತೇ ಎನ್ನುವುದಕ್ಕೆ ಆಧಾರವೇನು. ಮೂರನೆಯದಕ್ಕೆ ಸಿದ್ದರಾಜು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಪಕ್ಕದಲ್ಲಿ ನಿಂತು ಕೇಳಿಸಿಕೊಂಡ ಮಾದೇವಣ್ಣ ಟ್ಯಾಬನ್ನು ನನ್ನ ಕೈಗೆ ತುರುಕಿದ. "ಆ ಎತ್ತು ಬಂದಾಗ ಆಚೆ ಮೇಜಲ್ಲಿ ಮಧುವನಹಳ್ಳಿ ಚಿಕ್ಕತಾಯಮ್ಮನ ಅಸು ಇತ್ತು ಕಣವ್ವ. ಈ ಸಲನೂ ಗಬ್ಬ ನಿಲ್ನಿಲ್ಲ ಅಂದ್ರೆ ಮಾರ್ಬುಡ್ತೀವಿ ಅಂದಿತ್ತು ಆವಮ್ಮ. ಅದುಕ್ಕೇನು ಮೆಸೇಜ್ ಓಗದೆ ನೋಡು."

ನೋಡಿದೆ. 'ಗಬ್ಬವಿಲ್ಲ' ಎಂದು ಹೋಗಿತ್ತು.

ನಡೆದದ್ದು ಇಷ್ಟು. ಒಂದು ಕೈ ಹಸುವಿನ ಹೆಸರು ಬರೆದು, "ಈಗ ಬರೆದದ್ದು ಎಷ್ಟನೇ ನಂಬರು?" ಎಂದು ಕೇಳುವಷ್ಟರಲ್ಲಿ ಇನ್ನೊಂದು ಕೈ ಎತ್ತನ್ನು ಬರೆದುಬಿಟ್ಟಿತ್ತು. ಡೇಟಾಬೇಸು ಸತ್ಯವಂತ; ಕೊನೆಗೆ ಬರೆದ ಎತ್ತಿನ ನಂಬರನ್ನೇ ಹೇಳಿತು. ಗಬ್ಬ ಅಲ್ಲಿಗೆ ಹೋಯಿತು. ಹಸುವಿನ ಜಾಗ ಖಾಲಿ ಉಳಿಯಿತು, ಖಾಲಿ ಇದ್ದರೆ 'ಇಲ್ಲ' ಎಂದು ಕಳಿಸುವ ಜಾಣತನ ನನ್ನದೇ. ಇಬ್ಬರು ಒಟ್ಟಿಗೆ ಬರೆದರೆ ಪುಸ್ತಕ ಹರಿಯುವುದಿಲ್ಲ ಎಂದಷ್ಟೇ ಕೈಪಿಡಿ ಮಾತು ಕೊಟ್ಟಿತ್ತು. ಯಾರ ಬಸಿರು ಯಾರ ಹೆಸರಿಗೆ ಎಂಬುದನ್ನು ನೋಡಿಕೊಳ್ಳಬೇಕಾದವಳು ನಾನು. ಅದು ಮುಂದಿನ ಪುಟದಲ್ಲೇ ಇತ್ತಂತೆ. ನಾನು ಪುಟ ತಿರುಗಿಸಿರಲಿಲ್ಲ.

ಚಿಕ್ಕತಾಯಮ್ಮನ ಫೋನು ಸ್ವಿಚ್ ಆಫ್. ಸ್ಕೂಟರು ಹತ್ತಿದೆವು. ಮಾದೇವಣ್ಣ ಹಿಂದೆ ಕೂತು ಗೋಣಿಚೀಲವೊಂದನ್ನು ಅವುಚಿಕೊಂಡಿದ್ದ. ನಾವು ಮಧುವನಹಳ್ಳಿ ಮುಟ್ಟುವಾಗ ಗೂಡ್ಸ್ ಆಟೋಗೆ ಹಲಗೆ ಇಟ್ಟಾಗಿತ್ತು. ಹಸುವಿನ ಮುಂಗಾಲು ಹಲಗೆಯ ಮೇಲಿತ್ತು. ಚಿಕ್ಕತಾಯಮ್ಮ ಸೆರಗಿನಲ್ಲಿ ಕಣ್ಣೊರೆಸುತ್ತಿದ್ದರು.

"ನಿಲ್ಲಿಸಿ! ಅದು ಗಬ್ಬ!" ಎಂದು ಕೂಗಿದೆ.

"ನಿನ್ನೆ ನಿಮ್ ಕಂಪೂಟ್ರೇ ಇಲ್ಲ ಅಂತು. ಇವತ್ತು ಊಂ ಅಂದೀಯ. ಯಾವ್ದುನ್ ನಂಬುದು ತಾಯಿ?"

ನಾನು ಥ್ರೆಡ್ಡಿನ ವಿಷಯ ವಿವರಿಸತೊಡಗಿದೆ. ಹಸುವಿನ ಹಿಂಗಾಲೂ ಹಲಗೆ ಹತ್ತಿತು. ಆಗ ಮಾದೇವಣ್ಣ ಗೋಣಿಚೀಲದಿಂದ ಹಳೆಯ ನೋಟ್‌ಬುಕ್ಕು ತೆಗೆದ. ದಾರದ ತುದಿಯಲ್ಲಿ ಪೆನ್ನು ಓಲಾಡುತ್ತಿತ್ತು. "ತಗೊಳವ್ವ, ನಿನ್ ಮಗನ್ ಕೈಲಿ ಓದ್ಸು. ನಾನೇ ಬಾಲ ಇಡ್ಕಂಡಿದ್ದಿ, ಡಾಕ್ಟ್ರು ಅಂದಿದ್ನ ನಾನೇ ಬರ್ದಿವ್ನಿ. ನಾಕ್ ತಿಂಗ್ಳು."

ಚಿಕ್ಕತಾಯಮ್ಮ ಓದಿಸಲೂ ಇಲ್ಲ. ಪೆನ್ನನ್ನು ನೋಡಿದರು, ಹಗ್ಗ ಹಿಡಿದು ಹಸುವನ್ನು ಕೆಳಗಿಳಿಸಿದರು.

ವಾಪಸು ಬರುವಾಗ ಕೇಳಿದೆ, "ನನ್ನ ಪ್ರೋಗ್ರಾಮು ಬಂದ ಮೇಲೂ ಬರೆಯುತ್ತಿದ್ದೆಯಾ?"

"ನಂಬ್ಕೆ ಬರ್ನಿಲ್ಲ ಕಣವ್ವ," ಎಂದ ಮಾದೇವಣ್ಣ. ಜಿಲ್ಲೆಯ ದೊಡ್ಡ ಸಂದೇಹವಾದಿ ನಾನಲ್ಲವೆಂದು ಗೊತ್ತಾದದ್ದು ಆಗ.

ಪ್ರೋಗ್ರಾಮು ತಿದ್ದಿದೆ. ಒಂದು ಕೈ ಬರೆದು, ನಂಬರು ಕೇಳಿ, ಫಲಿತಾಂಶ ತುಂಬಿ ಮುಗಿಸುವವರೆಗೆ ಇನ್ನೊಂದು ಕೈ ಕಾಯಬೇಕು. ಮಾದೇವಣ್ಣ ಪೂರ್ತಿ ಕೇಳಿಸಿಕೊಂಡು, "ಪೆನ್ನ ಕಟ್ಟಾಕಿದ್ದೀಯ ಅನ್ನು" ಎಂದ.

ಹಸು ಈದ ಮೇಲೆ ಚಿಕ್ಕತಾಯಮ್ಮ ಗಿಣ್ಣು ಕಳಿಸಿದರು, ಮಾದೇವಣ್ಣನ ಹೆಸರಿಗೆ. ಒಂದು ಡಬ್ಬಿ, ಒಂದು ಚಮಚ. ಇನ್ನೊಂದು ಚಮಚ ತರುತ್ತೇನೆ ಎನ್ನಲು ಬಾಯಿ ತೆರೆದು ಮುಚ್ಚಿಕೊಂಡೆ. ಮಾದೇವಣ್ಣ ನಿಧಾನವಾಗಿ ತಿನ್ನುವ ಮನುಷ್ಯ. ನಾನು ಕಾದೆ.