ಹಲ್ಲು ನೋಡುವ ಮಾವನೂ ನನ್ನ ಈಜೂ

ನನ್ನ ಸೋದರಮಾವನ ಕಣ್ಣಿಗೆ ಈ ಪ್ರಪಂಚದಲ್ಲಿ ಬೀಳುತ್ತಿದ್ದುದು ಎರಡೇ: ಒಂದು ಅನ್ಯಾಯ, ಇನ್ನೊಂದು ಹಲ್ಲು. ಎರಡನ್ನೂ ತಂದು ಅವನು ನನ್ನ ಈಜಿಗೆ ಬೆರೆಸಿದ. ನಾನು ಪಟ್ಟ ಪಾಡು ನನಗೇ ಗೊತ್ತು!

ಕೊಯಮತ್ತೂರಿನ ಹತ್ತಿರ, ಕರುಮತ್ತಂಪಟ್ಟಿಯಾಚೆ ಮಾವನಿಗೆ ತೋಟವಿತ್ತು, ದೊಡ್ಡ ಬಾವಿಯಿತ್ತು, ರೇಕ್ಲಾ ಗಾಡಿ ಓಟಕ್ಕೆಂದೇ ಸಾಕಿದ ಎತ್ತುಗಳಿದ್ದವು. ರೇಕ್ಲಾದಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಹಾಲುಹಲ್ಲಿನ ಎಳೆಯವಕ್ಕೆ ಒಂದು ಓಟ, ಬಲಿತವಕ್ಕೆ ಬೇರೆ ಓಟ. ಯಾರಾದರೂ ಬಲಿತದ್ದನ್ನು ಎಳೆಯದರ ಜೊತೆ ನುಗ್ಗಿಸಿದರೆ ಮಾವ ಗಾಡಿಯ ಮುಂದೆ ಅಡ್ಡ ಮಲಗಿಬಿಡುತ್ತಿದ್ದ. ಅಂಥವನು ನನ್ನ ಬೆನ್ನಿಗೆ ಖಾಲಿ ಡಬ್ಬ ಕಟ್ಟಿ ಬಾವಿಯಲ್ಲಿ ಈಜು ಕಲಿಸಿದ. ಎಂಬತ್ತರ ದಶಕದ ಮಾತು. ಹುಡುಗಿ ಈಜುತ್ತಾಳೆಂದರೆ ಊರೇ ಬಾವಿಕಟ್ಟೆಗೆ ಬರುತ್ತಿತ್ತು. ಶಾಲೆಯ ಪಿ.ಟಿ. ಟೀಚರ್ ನನ್ನನ್ನು ಕೊಯಮತ್ತೂರಿನ ಸ್ಪರ್ಧೆಗೆ ಹೊರಡಿಸಿದರು. ಮಾವನೂ ಬಸ್ಸು ಹತ್ತಿದ. ಬೇಡ ಅಂದರೆ ಕೇಳುವ ಪ್ರಾಣಿಯೇ?

ಈಜುಕೊಳದಲ್ಲಿ ನಾವೆಲ್ಲ ಹನ್ನೆರಡು ವರ್ಷದವರು. ಆದರೆ ಪಕ್ಕದ ಹುಡುಗಿ ನನಗಿಂತ ಒಂದು ತಲೆ ಎತ್ತರ, ಎರಡರಷ್ಟು ಅಗಲ. ನಾನೋ ಹಂಚಿಕಡ್ಡಿ! ನಾನು ಅರ್ಧ ದಾರಿಯಲ್ಲಿ ಕೈಕಾಲು ಬಡಿಯುತ್ತಿದ್ದಾಗ ಅವಳು ಗೋಡೆ ಮುಟ್ಟಿ ತಲೆ ಒರೆಸಿಕೊಳ್ಳುತ್ತಿದ್ದಳು.

ಮಾವ ನೇರ ರೆಫರಿಯ ಮೇಜಿಗೆ ನುಗ್ಗಿದ. ಮಾತುಮಾತಿಗೂ 'ಉಂಗ' ಸೇರಿಸುವ ನಮ್ಮ ಕಡೆಯ ಮರ್ಯಾದೆಯನ್ನು ಮಾತ್ರ ಬಿಡಲಿಲ್ಲ. "ಏನುಂಗ ಸಾರ್, ಇದು ಯಾವೂರ ನ್ಯಾಯ?"

"ಎಲ್ಲರದೂ ಒಂದೇ ವಯಸ್ಸು. ಬರ್ತ್ ಸರ್ಟಿಫಿಕೇಟ್ ನೋಡಿದ್ದೇವೆ," ಅಂದರು ಅವರು.

"ಕಾಗದ ಈಜುತ್ತುಂಗಳಾ ಸಾರ್? ಮೈ ತಾನೆ ಈಜೋದು! ಹಲ್ಲು ನೋಡುಂಗ!"

ಅಷ್ಟಕ್ಕೇ ನಿಲ್ಲಿಸಿದನೇ? ಒದ್ದೆಯಾಗಿ ನಡುಗುತ್ತಿದ್ದ ನನ್ನನ್ನು ಎಳೆದು ತಂದು, ಎಲ್ಲರೆದುರು ದವಡೆ ಹಿಡಿದು ಬಾಯಿ ಬಿಡಿಸಿದ. "ನಮ್ಮ ಮಗೂಗೆ ಇನ್ನೂ ಒಂದು ಪಾಲ್‌ಪಲ್ಲು, ಹಾಲುಹಲ್ಲು, ಹಾಗೇ ಇದೆ, ನೋಡುಂಗ!" ಇಡೀ ಕೊಳ ನಕ್ಕಿತು. ನೀರಲ್ಲಿ ಮುಳುಗಿ ಸತ್ತುಹೋಗೋಣ ಅನಿಸಿತು. ಹಾಳಾದ್ದು, ಈಜು ಬರುತ್ತಿತ್ತು!

ಊರಿಗೆ ಬಂದಮೇಲೆ ನನ್ನನ್ನು ಬೆಳೆಸುವ ಕೆಲಸ ಶುರುವಾಯಿತು. ಎತ್ತಿಗೆ ರುಬ್ಬಿದ ಹತ್ತಿಬೀಜದಲ್ಲೇ ನನಗೂ ಹಾಲು ಹಿಂಡಿ, ಬೆಲ್ಲ ಹಾಕಿ ಕುಡಿಸುತ್ತಿದ್ದ. ಮೂಗು ಮುಚ್ಚಿಕೊಂಡರೆ, "ಕುಡಿ, ನನ್ನ ಕಣ್ಣು, ಮೈ ಬಂದರೆ ಎಲ್ಲಾ ಸಮ ಆಗುತ್ತೆ," ಅನ್ನುತ್ತಿದ್ದ. ಎತ್ತುಗಳಾದರೂ ನನ್ನನ್ನು ಕಂಡು ಮರುಗುತ್ತಿದ್ದವು ಅಂತ ನನ್ನ ಅನುಮಾನ.

ಮರುವರ್ಷ ನಿಜವಾಗಿಯೂ ಮೈ ಬಂತು. ಉದ್ದವಾದೆ, ತೋಳು ತುಂಬಿತು, ಅದೇ ಸ್ಪರ್ಧೆಯಲ್ಲಿ ಮೊದಲನೇ ಸುತ್ತು ಗೆದ್ದೇಬಿಟ್ಟೆ! ಮಾವ ಕುಣಿಯುತ್ತಿರಬೇಕು ಅಂತ ನೋಡಿದರೆ ಆಸಾಮಿ ಮತ್ತೆ ರೆಫರಿಯ ಮೇಜಿನ ಮುಂದೆ! "ಸಾರ್, ಆ ಕೊನೆಯ ಪಾಪು ಹಿಡಿಯಷ್ಟಿದೆ. ಅದರ ಜೊತೆ ನಮ್ಮ ಹುಡುಗೀನ ಬಿಟ್ಟಿದ್ದು ತಪ್ಪುಂಗ!" ನನ್ನ ಗೆಲುವಿಗೆ ನನ್ನ ಮಾವನದೇ ತಕರಾರು! ಇಂಥವನನ್ನು ಕಟ್ಟಿಕೊಂಡು ಯಾರು ತಾನೇ ಉದ್ಧಾರವಾದಾರು? ರೆಫರಿ ನಕ್ಕು ಕಳಿಸಿದ್ದರಿಂದ ಜಿಲ್ಲೆಯ ತಂಡದ ಆಯ್ಕೆಗೆ ನನ್ನ ಹೆಸರು ಉಳಿಯಿತು.

ಆಯ್ಕೆಗೆ ಕೆಲವು ವಾರಗಳಿದ್ದಾಗ ನಾನು ಮೈನೆರೆದೆ. ಅಮ್ಮ ಅಂದೇ ತೀರ್ಮಾನ ಹೇಳಿದಳು: "ಇನ್ನು ನೀರಿಗೆ ಇಳಿಯೋದು ಸಾಕು." ನಾನು ಅತ್ತೆ, ಊಟ ಬಿಟ್ಟೆ. ಅಮ್ಮ ಜಗ್ಗಲಿಲ್ಲ.

ನಮ್ಮಲ್ಲಿ ಮೈನೆರೆದ ಹುಡುಗಿಗೆ ಸೋದರಮಾವ ಸೀರು, ಅಂದರೆ ಉಡುಗೊರೆಯ ತಟ್ಟೆಗಳನ್ನು, ತರಬೇಕು. ಮಾವ ತಟ್ಟೆಗಳ ಸಾಲನ್ನೇ ತಂದ: ಸೀರೆ, ಬಳೆ, ಹೂವು, ಹಣ್ಣು. ಕೊನೆಯ ತಟ್ಟೆಯ ಮೇಲಿನ ಬಟ್ಟೆ ಸರಿಸಿದರೆ, ವೀಳ್ಯದೆಲೆಯ ಮೇಲೆ ನೀಲಿ ಬಣ್ಣದ ಹೊಸ ಸ್ವಿಮ್ಮಿಂಗ್ ಡ್ರೆಸ್ಸು! ಹೆಂಗಸರೆಲ್ಲ ಬಾಯಿಗೆ ಸೆರಗು ಒತ್ತಿಕೊಂಡರು.

"ಅಣ್ಣಾ, ನಾಕು ಜನರ ಮುಂದೆ ಇದೇನಣ್ಣಾ?" ಅಂದಳು ಅಮ್ಮ.

ಮಾವ ಜಗಳವಾಡಲಿಲ್ಲ. ಅವನ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಅಮ್ಮಣಿ, ಮೈ ಬರದೆ ಇದ್ದಾಗ ಮೈ ಬಂದವರ ಜೊತೆ ಈಜಿ ಸೋತಳು. ಈಗ ತಾನೆ ಅವಳಿಗೂ ಬಂತು. ಈಗ ಮನೇಲಿ ಕೂರಿಸಿದರೆ ಮಗು ಯಾವಾಗ ಈಜಬೇಕು, ಹೇಳು?"

ಅಮ್ಮ ಆ ತಟ್ಟೆಗೂ ಕುಂಕುಮ ಇಟ್ಟಳು.

ಡ್ರೆಸ್ಸನ್ನು ಮೈಗೆ ಹಿಡಿದು ನೋಡಿದೆ. ನನ್ನಂಥವರು ಇಬ್ಬರು ಹಿಡಿಸುತ್ತಿದ್ದರು! "ಮಾವಾ, ಇಷ್ಟು ದೊಡ್ಡದಾ?" ಎಂದು ಸಿಡುಕಿದೆ.

"ಇರಲಿ ಕಣ್ಣು. ಇನ್ನೂ ಎಷ್ಟೋ ವರ್ಷ ಈಜಬೇಕಲ್ಲ."

ಅವನ ತೋಳಿಗೆ ಮುಖವೊತ್ತಿ ಅತ್ತುಬಿಟ್ಟೆ.