ದಿಲಾವರ ಸುಧಾರಿಸಿದ ದಿನ

ಟಿ.ವಿ. ನೋಡಿ ಜನ ಕೆಡುತ್ತಾರೆ ಎಂದು ಹಿರಿಯರು ಬೈಯುವುದುಂಟು. ರಾಣೆಬೆನ್ನೂರಿನ ಖಾರಪುಡಿ ಗಿರಣಿಯ ದಿಲಾವರ ಟಿ.ವಿ. ನೋಡಿ ಒಳ್ಳೆಯವನಾಗಲು ಹೊರಟ. ಅವನ ಫಜೀತಿ ಶುರುವಾದದ್ದೇ ಅಲ್ಲಿಂದ.

ಆ ಹಾಸ್ಯ ಧಾರಾವಾಹಿಯ ಹೆಸರು 'ಸಿದ್ದಣ್ಣ ಸುಧಾರಿಸ್ಯಾನ'. ಹಾಲಿಗೆ ನೀರು ಬೆರೆಸುವ ಸಿದ್ದಣ್ಣನಿಗೆ ಜಡ್ಜಮ್ಮ ಜೈಲಿನ ಬದಲು, ಒಂದು ವರ್ಷ ಒಳ್ಳೆಯವನಾಗಿ ಬದುಕುವ ಶಿಕ್ಷೆ ಕೊಟ್ಟಿದ್ದಾಳೆ. ಒಳ್ಳೆಯತನ ಅವನಿಗೆ ಅಳತೆ ತಪ್ಪಿ ಹೊಲಿದ ಅಂಗಿಯಂತೆ. ಎಲ್ಲಿ ಎಳೆದರೂ ಇನ್ನೆಲ್ಲೋ ಹರಿಯುತ್ತದೆ. ಹಿಂದಿನ ಸಂಜೆಯ ಕಂತಿನಲ್ಲಿ ಅವನು ನಡುಬೀದಿಯಲ್ಲಿ ನಿಂತು ತಪ್ಪೊಪ್ಪಿಕೊಂಡಾಗ ಓಣಿಯ ಜನವೆಲ್ಲ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದ್ದರು. ದಿಲಾವರನ ಹೆಂಡತಿ ಬೇನಜೀರ ಬಿದ್ದು ಬಿದ್ದು ನಕ್ಕಳು. ದಿಲಾವರ ಮಾತ್ರ ಆ ಜನರ ಜೊತೆ ತಾನೂ ಕಣ್ಣೊರೆಸಿಕೊಂಡ.

ಕಾರಣವಿತ್ತು. ಅವನ ಗಿರಣಿಯ ಬೋರ್ಡಿನ ಮೇಲೆ 'ಶುದ್ಧ ಬ್ಯಾಡಗಿ ಖಾರಪುಡಿ' ಎಂದು ಬರೆದಿತ್ತು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ದಿಲಾವರನ ಪುಡಿಗೆ ಮಾತ್ರ ಎರಡೂ ಭರ್ತಿ. ಯಾರಾದರೂ ಕೇಳಿದರೆ, "ನಮ್ಮ ಮಾವನ ಹೊಲ ಮೇಡ್ಲೇರ್ಯಾಗ ಐತ್ರಿ, ಎಲ್ಲಾ ಹೊಳಿ ನೀರಿನ ಗುಣ" ಎನ್ನುತ್ತಿದ್ದ. ಹೊಳೆಗೂ ಅದಕ್ಕೂ ಸಂಬಂಧವಿರಲಿಲ್ಲ. ಗುಟ್ಟೆಲ್ಲ ಹಿಂದಿನ ಕೋಣೆಯ ಡಬ್ಬಿಯಲ್ಲಿದ್ದ, ಬಣ್ಣ ಕಡಿಮೆ ಖಾರ ಹೆಚ್ಚಿನ ಗುಂಟೂರು ಖಾರಪುಡಿಯದು. ಅದನ್ನೇ ಅವನು ಬ್ಯಾಡಗಿಗೆ ಬೆರೆಸುತ್ತಿದ್ದ.

ಬೆಳಿಗ್ಗೆ ಎದ್ದವನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

"ಏನ್ರಿ, ಅಂಗಿಯೊಳಗ ಇರವಿ ಹೊಕ್ಕಂಗ ಮಾಡಾಕತ್ತೀರಿ?" ಎಂದಳು ಬೇನಜೀರ.

"ಇವತ್ತಿಂದ ಡಬ್ಬಿ ಬಂದ್. ಬರೇ ಬ್ಯಾಡಗಿ."

"ಸಿದ್ದಣ್ಣಗ ಸುಧಾರಿಸಾಕ ಟಿ.ವಿ.ಯವರು ಪಗಾರ ಕೊಡ್ತಾರ. ನಿಮಗ್ಯಾರು ಕೊಡ್ತಾರ? ಫಕ್ಕೀರವ್ವ ಕೈ ಬಿಟ್ಲಂದ್ರ ಗಿರಣಿಗೆ ಕೀಲಿ ಹಾಕೋದ ನೋಡ್ರಿ!"

ಅದು ಖರೇ ಮಾತು. ಬಸ್ ಸ್ಟ್ಯಾಂಡ್ ಹತ್ತಿರದ ಫಕ್ಕೀರವ್ವನ ಖಾನಾವಳಿಗೇ ಅವನ ಪುಡಿ ಬಹುಪಾಲು ಹೋಗುತ್ತಿತ್ತು. ಅವಳು ಬಿಟ್ಟರೆ ಊರೇ ಬಿಟ್ಟ ಹಾಗೆ. ಆದರೂ ದಿಲಾವರ ಮನಸ್ಸು ಗಟ್ಟಿ ಮಾಡಿ ಅಪ್ಪಟ ಬ್ಯಾಡಗಿ ಪುಡಿಯನ್ನೇ ಖಾನಾವಳಿಗೆ ಕಳಿಸಿದ.

ಆಮೇಲೆ ಬಾಗಿಲಿಗೂ ಗಿರಣಿಗೂ ಓಡಾಡತೊಡಗಿದ. ಎದುರಿನ ಟಿ.ವಿ. ರಿಪೇರಿ ಅಂಗಡಿಯ ಕೊಟ್ರೇಶನನ್ನು, "ತಮ್ಮಾ, ಖರೇ ಹೇಳಿದ್ರ ಜನ ಏನಂತಾರ?" ಎಂದು ಕೇಳಿದ.

"ಯಾರ ಬಗ್ಗೆ ಖರೇ ಅಂತ ನೋಡಬೇಕಾಗ್ತೈತಿ ಭಾಯ್" ಎಂದ ಕೊಟ್ರೇಶ. ಪರರ ಸುದ್ದಿಯ ವಾಸನೆ ಬಂದರೆ ಸ್ವಂತ ಅಂಗಡಿ ಮುಚ್ಚುವ ಮನುಷ್ಯ ಅವನು. ಕೂಡಲೇ ತನ್ನ ಸ್ಟೂಲು ಎತ್ತಿಕೊಂಡು ಬಂದು ಗಿರಣಿಯೊಳಗೆ ಕೂತ.

ಮಧ್ಯಾಹ್ನ ಫಕ್ಕೀರವ್ವನೇ ಬಂದಳು. ಕೈಯಲ್ಲಿ ಸಾರಿನ ಬಟ್ಟಲು, ಬೆನ್ನ ಹಿಂದೆ ಎಂಜಲು ಕೈಯ ಗಿರಾಕಿಗಳು.

"ಏನೋ ದಿಲಾವರ, ಖಾರ ಕೊಟ್ಟೀಯೋ ಕುಂಕುಮ ಕೊಟ್ಟೀಯೋ? ನೋಡಿದ್ರ ಬೆಂಕಿ, ಬಾಯಾಗಿಟ್ರ ಸಪ್ಪನ ನೀರು! ಲಾರಿ ಡ್ರೈವರ್ ಒಬ್ಬಾವ ತಾಟು ಸರಿಸಿ ಎದ್ದು ಹೋದ!"

ದಿಲಾವರ ಎದೆಯುಬ್ಬಿಸಿ ನಿಂತ. "ಅಕ್ಕಾರ, ಇವತ್ತಿನ ಪುಡಿ ಒಂದ ಶುದ್ಧ. ಇಷ್ಟು ವರ್ಷ ಕೊಟ್ಟಿದ್ದೆಲ್ಲಾ ಕಲಬೆರಕಿ. ನಂದು ತಪ್ಪಾತ್ರಿ" ಎಂದು ಕಣ್ಣು ಮುಚ್ಚಿ ಚಪ್ಪಾಳೆಗೆ ಕಾದ.

ಯಾರೋ ತೇಗಿದರು. ಅಷ್ಟೇ.

"ಕೇಳ್ರಿ ಇವನ ಮಾತು!" ಎಂದು ಫಕ್ಕೀರವ್ವ ಗಿರಾಕಿಗಳ ಕಡೆ ತಿರುಗಿದಳು. "ಇವತ್ತ ಮೋಸ ಮಾಡಿ ನಿನ್ನಿ ಮೊನ್ನಿ ಮ್ಯಾಲ ಹಾಕ್ತಾನ. ಇಷ್ಟು ವರ್ಷ ನಾ ಉಂಡದ್ದು ಕಲಬೆರಕಿ ಅಂದ್ರ ನನ್ನ ನಾಲಿಗೀನ ಸುಳ್ಳೇನು?"

ದಿಲಾವರನಿಗೆ ಅಳು ಬರುವುದೊಂದು ಬಾಕಿ. ಸತ್ಯಕ್ಕೆ ಸಾಕ್ಷಿ ಬೇಕೆಂದು ಒಳಗೆ ಓಡಿ ಡಬ್ಬಿಯನ್ನೇ ಹೊತ್ತು ತಂದ. "ಇದರಾಗ ಐತ್ರಿ ನನ್ನ ಪಾಪ!"

ಫಕ್ಕೀರವ್ವ ಒಂದು ಚಿಟಿಕೆ ನಾಲಿಗೆಗೆ ಹಚ್ಚಿದಳು. ಅವಳ ಕಣ್ಣು ಮೂಗು ಒಟ್ಟಿಗೇ ಹರಿದವು. ಕೊಟ್ರೇಶ ರುಚಿ ನೋಡಿ ಕಿವಿ ಹಿಡಿದುಕೊಂಡು ಕುಣಿದ. ಬಾಯಿ ಉರಿಯುವಾಗ, ಅದೂ ಗಿರಣಿಯ ಮಬ್ಬು ಬೆಳಕಿನಲ್ಲಿ, ಪುಡಿಯ ಬಣ್ಣ ನೋಡುವವರು ಯಾರು?

"ಇದ ನಮ್ಮ ಖಾರ!" ಫಕ್ಕೀರವ್ವ ಸೆರಗಿನಿಂದ ಮೂಗೊರೆಸಿಕೊಂಡಳು. "ಖರೇ ಬ್ಯಾಡಗಿ ಒಳಗ ಮುಚ್ಚಿಟ್ಟು ನಮಗ ಹೊಟ್ಟು ತಿನಿಸಾಕತ್ತಾನ!"

"ಅಕ್ಕಾರ, ಅದು ಗುಂಟೂರ್ರೀ! ಅಲ್ಲಾನ ಆಣಿಗೂ ಗುಂಟೂರು!"

"ಸಾಕು ಬಿಡು ಭಾಯ್" ಎಂದ ಕೊಟ್ರೇಶ, ನಾಲಿಗೆ ಹೊರಗಿಟ್ಟುಕೊಂಡೇ. "ಆಣಿ ಮಾಡಿ ಸುಳ್ಳು ಹೇಳಬಾರ್ದು."

ಫಕ್ಕೀರವ್ವ ಅಲ್ಲೇ ತೀರ್ಪು ಕೊಟ್ಟಳು. "ಬ್ಯಾರೆ ಗಿರಣಿಗೆ ಹೋಗಾಕಿದ್ದೆ. ಹಳೇ ಗುರ್ತು ಅಂತ ಇದೊಂದು ಸಲ ಬಿಡ್ತೇನಿ. ಇನ್ನ ಮ್ಯಾಲ ನನಗ ಈ ಡಬ್ಬಿದ ಅಷ್ಟ ಬೇಕು. ಆ ಸಪ್ಪನ ಪುಡಿ ಒಂದು ಚಿಟಿಕಿ ಇದರಾಗ ಬಿದ್ರ ನಾ ಸುಮ್ನಿರಾಕೆಲ್ಲ. ಕಾಯಾಕ ನಮ್ಮ ಮಾವನ್ನ ಕೂಡಸ್ತೇನಿ."

ಆ ಮಾವ ಡಾಕಪ್ಪ, ಹಾವೇರಿಯ ಟಾಕೀಸೊಂದರ ಗೇಟಿನಲ್ಲಿ ಟಿಕೆಟಿಲ್ಲದವರನ್ನು ಹಿಡಿಯುತ್ತಲೇ ಮುದುಕನಾದವನು. ಇಳಿಹೊತ್ತಿಗೆ ಕುರ್ಚಿ, ಕೋಲು ಸಮೇತ ಬಂದು ಡಬ್ಬಿಯ ಎದುರು ಕೂತ.

ಸಂಜೆ ಮರುದಿನದ ಪುಡಿ ತೂಗುವಾಗ ದಿಲಾವರ ದೀಪ ಹಚ್ಚಿ ನೋಡಿದ. ತಕ್ಕಡಿಯಲ್ಲಿದ್ದ ಗುಂಟೂರು ಪುಡಿ ಹಳೇ ಇಟ್ಟಿಗೆಯಂತೆ ಮಂಕಾಗಿತ್ತು. ಇದನ್ನೇ ಕಳಿಸಿದರೆ ನಾಳೆ ಸಾರಿಗೆ ಬಣ್ಣವೇ ಬರುವುದಿಲ್ಲ, ಫಕ್ಕೀರವ್ವ ಮತ್ತೆ ಈ ಬಾಗಿಲು ತುಳಿಯುವುದಿಲ್ಲ. ಬಣ್ಣ ಬರಬೇಕೆಂದರೆ ಬ್ಯಾಡಗಿ ಬೇಕೇ ಬೇಕು. ಬೇನಜೀರ ಬ್ಯಾಡಗಿ ಪುಡಿಯ ಒಂದು ಪೊಟ್ಟಣ ತಂದು ಅವನ ಕೈಗೆ ತುರುಕಿ ಹೋದಳು.

ಡಾಕಪ್ಪ ಕಪ್ಪಿನಿಂದ ಬಸಿಗೆ ಚಹಾ ಸುರುವಿಕೊಳ್ಳಲು ಬಗ್ಗಿದ. ದಿಲಾವರ ಪೊಟ್ಟಣ ಬಿಚ್ಚಿ ಸರ್ರನೆ ತಕ್ಕಡಿಗೆ ಸುರಿದ. ಇಷ್ಟು ವರ್ಷ ಗುಂಟೂರನ್ನು ಹಾಡು ಗುನುಗುತ್ತ ಬೆರೆಸಿದವನು, ಅಪ್ಪಟ ಬ್ಯಾಡಗಿಯನ್ನು ಕಳ್ಳನಂತೆ ಅತ್ತಿತ್ತ ನೋಡುತ್ತ ಬೆರೆಸಿದ.

"ಏನಲೇ ಅದು ಹಾಕಿದ್ದು?" ಡಾಕಪ್ಪ ಕೋಲು ಕುಟ್ಟಿ ಗದರಿದ.

"ಏನಿಲ್ರಿ ಅಜ್ಜಾರ, ಕೈ ಝಾಡಿಸಿದೆ" ಎಂದು ದಿಲಾವರ ಆ ದಿನದ ಮೊದಲ ಸುಳ್ಳು ಹೇಳಿದ.