ಪುಡಿಯಪ್ಪ ಪುಡಿ ಒಣಗಿಸಿದ್ದು

ಮೂಟೆಯ ಬಾಯಿ ಕಟ್ಟಲು ಮರೆಯುವುದು ಮಹಾಪರಾಧವೇನಲ್ಲ. ಆದರೆ ಪುಡಿಯಪ್ಪ ಮರೆತದ್ದು ಪರೀಕ್ಷೆಯ ಹಿಂದಿನ ದಿನ. ವೈರುಗಳ ಪ್ಲಾಸ್ಟಿಕ್ ಹೊದಿಕೆ ತಯಾರಿಸುವ ಕಾರ್ಖಾನೆಯಲ್ಲಿ, ಪ್ಲಾಸ್ಟಿಕ್ಕಿಗೆ ಬೆಂಕಿ ಹತ್ತದಂತೆ ಬಿಳಿ ಪುಡಿ ಬೆರೆಸುವುದು ಅವನ ಕೆಲಸ; ಹನ್ನೊಂದು ವರ್ಷದಿಂದ ಹಂಗಾಮಿ. ಮರುದಿನ ಮಧ್ಯಾಹ್ನ ಗಿರಾಕಿ ಬಂದು ಪ್ಲಾಸ್ಟಿಕ್ ಹಾಳೆಗೆ ಬೆಂಕಿ ಹಿಡಿದು ನೋಡುವವನಿದ್ದ. ಹಾಳೆ ಉರಿಯದಿದ್ದರೆ ಕೆಲಸ ಕಾಯಂ ಎಂದು ಯಜಮಾನರು ಮಾತು ಕೊಟ್ಟಿದ್ದರು. ಹೆಂಡತಿ ಆಗಲೇ ಬೀದಿಗೆಲ್ಲ ಸುದ್ದಿ ಹಂಚಿ ಮುಗಿಸಿದ್ದಳು.

ಬೆಳಿಗ್ಗೆ ಬಂದು ಪುಡಿ ನೋಡಿದರೆ ತೇವ ಹಿಡಿದು ಹೆಂಟೆ ಕಟ್ಟಿದೆ! ಯಾರಿಗೂ ತಿಳಿಯದಂತೆ ಒಣಗಿಸೋಣವೆಂದು ಅವನು ಅದನ್ನು ಓವನ್ನಿಗೆ ಇಟ್ಟು ನೂರು ಡಿಗ್ರಿಗೆ ತಿರುಗಿಸಿದ. ಕಾರ್ಖಾನೆಯಲ್ಲಿ ಗುಟ್ಟು ಎಂದರೆ ಎಲ್ಲರಿಗೂ ಮೊದಲು ತಿಳಿಯುವ ವಿಷಯ.

ಹಾಳೆ ಒತ್ತುವ ಪ್ರೆಸ್ ನಡೆಸುವವನು ಇಣುಕಿದ. "ನೂರಾ? ಮಗೂಗೆ ಹಾಲು ಕಾಯಿಸ್ತಿದ್ದೀಯೇನೋ?" ಎಂದು ನೂರೈವತ್ತು ಮಾಡಿದ. ಕರೆಂಟಿನವನು ಬಂದು, "ನನ್ನ ಮಾತು ಕೇಳು" ಎಂದು, ಇವನು ಕೇಳುವ ಮೊದಲೇ ಇನ್ನೂರಕ್ಕೆ ಏರಿಸಿದ. ಕೊನೆಗೆ ಯಜಮಾನರೇ ಬಂದರು.

"ಅರೆಬರೆ ಕೆಲಸ ನನಗಾಗಲ್ಲ ಕಣಯ್ಯಾ!"

ಮುನ್ನೂರಕ್ಕೆ ತಿರುಗಿಸಿ ಹೊರಟೇ ಹೋದರು. ಯಜಮಾನರು ಏರಿಸಿದ್ದನ್ನು ಇಳಿಸುವ ಧೈರ್ಯ ಹಂಗಾಮಿಯವನಿಗೆ ಎಲ್ಲಿಂದ ಬರಬೇಕು?

ಸ್ವಲ್ಪ ಹೊತ್ತಿಗೆ ಓವನ್ ಬುಸಬುಸನೆ ಆವಿ ಕಾರತೊಡಗಿತು. ತೂಕ ಹಾಕಿದರೆ ಹತ್ತು ಕಿಲೋ ಏಳಾಗಿತ್ತು. ಪುಡಿಯಪ್ಪ ಎದ್ದೆನೋ ಬಿದ್ದೆನೋ ಎಂದು ಲ್ಯಾಬಿನ ಮೇಡಂ ಬಳಿ ಓಡಿದ.

"ಅಯ್ಯೋ, ಎಂಥಾ ಕೆಲಸ ಮಾಡಿದ್ರಿ! ಮೇಲಿನ ತೇವ ಬೇರೆ, ಪುಡಿ ತನ್ನೊಳಗೆ ಕಟ್ಟಿಟ್ಟುಕೊಂಡಿರೋ ನೀರು ಬೇರೆ. ಬೆಂಕಿ ತಗುಲಿದಾಗ ಪುಡಿ ಒಡೆಯುತ್ತೆ. ಒಡೆಯೋಕೆ ಬಿಸಿ ಬೇಕಲ್ಲ, ಅದನ್ನ ಬೆಂಕಿಯಿಂದಲೇ ಕುಡಿಯುತ್ತೆ. ಒಳಗಿನ ನೀರು ಆವಿಯಾಗಿ ಹೋಗುತ್ತೆ, ಪ್ಲಾಸ್ಟಿಕ್ ಉಳಿಯುತ್ತೆ. ನೀವು ಆ ನೀರನ್ನ ಓವನ್ನಲ್ಲೇ ಮುಗಿಸಿಬಿಟ್ರಿ!"

"ಹಾಗಾದ್ರೆ ಈಗ ಇದು?"

"ಗೋಡೆಗೆ ಬಳಿಯೋಕೂ ಆಗಲ್ಲ."

ಪುಡಿ ಕಳೆದುಕೊಂಡ ನೀರೆಲ್ಲ ಪುಡಿಯಪ್ಪನ ಕಣ್ಣಿಗೆ ಬಂತು. ಮೇಡಂ ಕರಗಿದರು. ಬೀರುವಿನಿಂದ ಒಂದು ಡಬ್ಬ ಹೊಸ ಪುಡಿ ತೆಗೆದು ಕೊಟ್ಟರು. "ನನ್ನ ಹೆಸರು ಮಾತ್ರ ಎತ್ತಬೇಡಿ."

ಅದನ್ನೇ ಬೆರೆಸಿ ಹಾಳೆ ಮಾಡಿದ್ದಾಯಿತು. ಗಿರಾಕಿ ಬೆಂಕಿ ಹಿಡಿದ. ಹಾಳೆ ಚುಸ್ಸೆಂದಿತು, ಕಪ್ಪಾಯಿತು. ಬರ್ನರ್ ಸರಿಸಿದ್ದೇ ತಡ, ತಾನೇ ಆರಿತು.

"ಭೇಷ್! ಐವತ್ತು ಟನ್ನೂ ಹೀಗೇ ಇರಬೇಕು," ಎಂದ ಗಿರಾಕಿ.

ಯಜಮಾನರು ಎದೆಯುಬ್ಬಿಸಿದರು. "ಎಲ್ಲಾ ನನ್ನ ಮುನ್ನೂರು ಡಿಗ್ರಿ ಮಹಿಮೆ!"

"ಇನ್ನೂರರ ತನಕ ತಂದಿದ್ದು ನಾನು, ಸಾರ್," ಎಂದ ಕರೆಂಟಿನವ.

"ಶುರು ಮಾಡಿದ್ದೇ ನಾನು," ಎಂದ ಪ್ರೆಸ್ಸಿನವ.

ಪುಡಿಯಪ್ಪ ಬಾಯಿ ತೆರೆದ. ಮೇಡಂ ತುಟಿಯ ಮೇಲೆ ಬೆರಳಿಟ್ಟರು. ಅಷ್ಟರಲ್ಲಿ ಯಜಮಾನರು ಕಾಯಂ ಪತ್ರದ ಕೆಳಗೆ ಎರಡು ಸಾಲು ಗೀಚಿ, ಸಹಿ ಹಾಕಿ ಅವನ ಕೈಗಿಟ್ಟರು. ಪುಡಿಯಪ್ಪ ಬಾಯಿ ಮುಚ್ಚಿದ. ಹನ್ನೊಂದು ವರ್ಷ ಕಾದ ಕಾಗದ! ಸಂತೋಷದಿಂದ ಅದನ್ನು ಕಣ್ಣಿಗೊತ್ತಿಕೊಂಡ.

"ಜೋರಾಗಿ ಓದಯ್ಯಾ, ಎಲ್ಲರೂ ಕೇಳಲಿ."

ಅವನು ಓದಿದ: "ಇಂದಿನಿಂದ ಗೋದಾಮಿನ ಅಷ್ಟೂ ಪುಡಿಯನ್ನು ಮುನ್ನೂರು ಡಿಗ್ರಿಯಲ್ಲಿ ಒಣಗಿಸಿಯೇ ಬೆರೆಸತಕ್ಕದ್ದು. ಯಾವ ಹಾಳೆ ಉರಿದರೂ ಇವನೇ ಹೊಣೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಹೊರಗೆ ಮೊದಲ ನಲವತ್ತು ಮೂಟೆಗಳು ಆಗಲೇ ಓವನ್ನಿನ ಕಡೆ ಹೊರಟಿದ್ದವು.